ಕಾಶಿರಾಜನ ಬಾವಿಯ ಮುಂದೆ ಒಂದು ಬಿಕ್ಕಳಿಕೆ

ಟವರ್ ಬ್ರಿಜ್, ಬಕಿಂಗ್‌ಹ್ಯಾಮ್ ಅರಮನೆಗಳನ್ನೆಲ್ಲ ಮೂರೇ ದಿನದಲ್ಲಿ ನೋಡಿ ಮುಗಿಸಿದ ನಮ್ಮ ಮಾವ, ನಾಲ್ಕನೆಯ ದಿನ ರೆಡಿಂಗಿನ ನಮ್ಮ ಮನೆಯ ಸೋಫಾದಲ್ಲಿ ಕುಳಿತು, "ಈ ದೇಶದಲ್ಲಿ ಹಳ್ಳಿಗಳೇ ಇಲ್ಲವೇ?" ಎಂದು ಕೇಳಿದರು. ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರು ಅವರು. ಐದು ಬೋರ್‌ವೆಲ್ ಕೊರೆಸಿ ನಾಲ್ಕರಲ್ಲಿ ಬರೀ ದೂಳು ಕಂಡವರು. ಇಂಥವರನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ನಾನು ಯೋಚಿಸಬೇಕಾಗಲಿಲ್ಲ. ಬಾವಿಗೆ.

ಆಕ್ಸ್‌ಫರ್ಡ್‌ಶೈರಿನ ಚಿಲ್ಟರ್ನ್ ಗುಡ್ಡಗಳ ಮೇಲೆ ಸ್ಟೋಕ್ ರೋ ಎಂಬ ಪುಟ್ಟ ಊರಿದೆ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಮೊಬೈಲಿನ ನಕ್ಷೆಯನ್ನು ನಂಬಿದರೆ ಒಂದೂಕಾಲು ಗಂಟೆ. ನಾನು ನಂಬಿದೆ. ಅದು ನಮ್ಮನ್ನು ಎರಡೂ ಕಡೆ ಆಳೆತ್ತರದ ಬೇಲಿಯಿರುವ, ಒಂದು ಕಾರಿಗಷ್ಟೇ ಅಳೆದು ಹೊಲಿಸಿದಂಥ ದಾರಿಗೆ ಇಳಿಸಿತು. ಎದುರಿಗೆ ಟ್ರ್ಯಾಕ್ಟರ್. ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಂದು ಮಾವ ಕುತ್ತಿಗೆ ತಿರುಗಿಸಿಕೊಂಡು ಸೂಚನೆ ಕೊಡುತ್ತಿದ್ದರೆ, ನಾನು ಬೇಲಿಯ ಮುಳ್ಳಿಗೆ ಕಾರಿನ ಬಣ್ಣವನ್ನು ಕಾಣಿಕೆಯಾಗಿ ಕೊಡುತ್ತ ಅರ್ಧ ಕಿಲೋಮೀಟರ್ ಹಿಮ್ಮೆಟ್ಟಿದೆ. ಟ್ರ್ಯಾಕ್ಟರಿನವನು ಕೈಬೀಸಿ ಧನ್ಯವಾದ ಹೇಳಿದ. ಅವನ ಚಕ್ರ ಅದಕ್ಕೂ ಮೊದಲೇ ನಮ್ಮ ಮುಂದಿನ ಗಾಜಿನ ತುಂಬ ಕೆಸರು ಎರಚಿತ್ತು.

ವೈಪರಿನ ನೀರು ಖಾಲಿಯಾಗಿದೆ ಎಂದು ಗೊತ್ತಾದದ್ದು ಆಗ. ಡಿಕ್ಕಿಯಲ್ಲಿ ಕುಡಿಯುವ ನೀರಿನ ಕ್ಯಾನ್ ಇತ್ತು. ಗಾಜು ಫಳಫಳ ಹೊಳೆಯುವಂತೆ ತೊಳೆದೆ. ಹೇಗೂ ಬಾವಿಗೇ ಹೋಗುತ್ತಿದ್ದೇವಲ್ಲ ಎಂಬ ಧೈರ್ಯ.

ಊರು ಮುಟ್ಟಿದಾಗ ಮಾವ ಕಾರಿನಿಂದ ಇಳಿದವರೇ ಚಪ್ಪಲಿ ಬಿಟ್ಟು ಕೈಮುಗಿದರು. ಅವರ ತಪ್ಪಲ್ಲ. ಕಬ್ಬಿಣದ ಕಂಬಗಳ ಮೇಲೆ ಗುಮ್ಮಟ, ಅದರ ಕೆಳಗೆ ನೀರೆತ್ತುವ ರಾಟೆ, ರಾಟೆಯ ಮೇಲೆ ಚಿನ್ನದ ಬಣ್ಣದ ಆನೆ. ಇಂಗ್ಲೆಂಡಿನ ಹಳ್ಳಿಯ ನಡುವೆ ಇಂಥದ್ದು ಕಂಡರೆ ಯಾರಾದರೂ ಗುಡಿಯೆಂದೇ ತಿಳಿಯುತ್ತಾರೆ. "ಇದು ಗುಡಿಯಲ್ಲ ಮಾವ, ಕಾಶಿಯ ಮಹಾರಾಜರು ಕಟ್ಟಿಸಿಕೊಟ್ಟ ಬಾವಿ" ಎಂದೆ. ಒದ್ದೆ ಹುಲ್ಲಿನ ಮೇಲೆ ಕಾಲು ಚಳಿಹಿಡಿಯುತ್ತಿದ್ದರೂ ಅವರು ಚಪ್ಪಲಿ ಹಾಕಿಕೊಳ್ಳಲಿಲ್ಲ. ನೀರಿರುವ ಜಾಗವೂ ಗುಡಿಯೇ ಎಂದುಬಿಟ್ಟರು.

ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚುತ್ತ ನಾನು ಕಥೆ ಹೇಳತೊಡಗಿದೆ. ಈ ಗುಡ್ಡಗಳೆಲ್ಲ ಸುಣ್ಣದ ಕಲ್ಲಿನವು. ಮಳೆ ಎಷ್ಟು ಬಿದ್ದರೂ ಜರಡಿಗೆ ಹೊಯ್ದಂತೆ ಕೆಳಕ್ಕಿಳಿದು ಹೋಗುತ್ತದೆ. ಹಿಂದೆ ಜನ ಗುಂಡಿ, ಕೊಳಗಳಲ್ಲಿ ನಿಂತ ನೀರನ್ನೇ ಬಳಸುತ್ತಿದ್ದರು. ಪಕ್ಕದ ಇಪ್ಸ್‌ಡೆನ್ ಊರಿನ ಎಡ್ವರ್ಡ್ ಆಂಡರ್ಡನ್ ರೀಡ್ ಎಂಬಾತ ಉತ್ತರ ಭಾರತದಲ್ಲಿ ಅಧಿಕಾರಿಯಾಗಿದ್ದ. ಕಾಶಿಯ ರಾಜ ಈಶ್ವರೀ ಪ್ರಸಾದ್ ನಾರಾಯಣ ಸಿಂಗ್ ಅವರ ಸ್ನೇಹಿತ. ನಮ್ಮೂರಿನಲ್ಲಿ ಒಬ್ಬ ಹುಡುಗ ಮನೆಯಲ್ಲಿ ಉಳಿದಿದ್ದ ಕೊನೆಯ ನೀರನ್ನು ಕುಡಿದು ಅಮ್ಮನಿಂದ ಏಟು ತಿಂದ ಎಂದು ಅವನು ಯಾವಾಗಲೋ ಹೇಳಿದ್ದನ್ನು ರಾಜರು ಮರೆಯಲಿಲ್ಲ. 1863ರಲ್ಲಿ ಅಗೆತ ಶುರುವಾಯಿತು. ಬಾಯಿ ಬರೀ ನಾಲ್ಕು ಅಡಿ ಅಗಲ, ಆಳ 368 ಅಡಿ. ಎಲ್ಲವೂ ಕೈಯಿಂದಲೇ.

"ಮುನ್ನೂರ ಅರವತ್ತೆಂಟು!" ಮಾವನ ತುತ್ತು ಅರ್ಧಕ್ಕೆ ನಿಂತಿತು. ಶ್ರವಣಬೆಳಗೊಳದ ಗೊಮ್ಮಟರು ಆರು ಮಂದಿ ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಅದರೊಳಗೆ ಮುಳುಗಿಹೋಗುತ್ತಾರೆ ಎಂದು ಲೆಕ್ಕ ಹಾಕಿದ ಮೇಲೆ, ಅನುಭವಸ್ಥರ ಪ್ರಶ್ನೆ ಬಂತು: "ಪಾಯಿಂಟ್ ನೋಡಿದವರು ಯಾರು? ತೆಂಗಿನಕಾಯಿಯೋ, ಬೇವಿನ ಕಡ್ಡಿಯೋ?"

ಅದು ಇತಿಹಾಸದಲ್ಲಿ ದಾಖಲಾಗಿಲ್ಲ ಎನ್ನುವಷ್ಟರಲ್ಲಿ ಅವರು ಅಂಗೈಯಗಲದ ಹಸಿಮೆಣಸಿನಕಾಯಿಯನ್ನು ಹುರುಳಿಕಾಯಿಯೆಂದು ಕಚ್ಚಿದ್ದರು.

ಮೊದಲನೆಯ ಬಿಕ್ಕಳಿಕೆಗೆ ಮರದಲ್ಲಿದ್ದ ಹಕ್ಕಿ ಹಾರಿಹೋಯಿತು. ಎರಡನೆಯದಕ್ಕೆ ನನ್ನ ಹೆಂಡತಿ ನೀರಿಗಾಗಿ ಕೈಚಾಚಿದಳು. ಕ್ಯಾನನ್ನು ತಲೆಕೆಳಗಾಗಿ ಹಿಡಿದರೂ ಹನಿಯಿಲ್ಲ. ಗಾಜು ತೊಳೆದೆ ಎಂದೆ. ಬಾವಿಯತ್ತ ನೋಡಿದೆವು. ಊರಿಗೆ ಕೊಳಾಯಿ ಬಂದ ಮೇಲೆ ಅದಕ್ಕೆ ನಿವೃತ್ತಿ, ಈಗ ಸೇದುವಂತಿಲ್ಲ. ಸೇದುವ ಕಾಲದಲ್ಲಾದರೂ ಒಂದು ಬಕೆಟ್ ಮೇಲೆ ಬರಲು ಹತ್ತು ನಿಮಿಷ ಹಿಡಿಯುತ್ತಿತ್ತಂತೆ. ಅಂದು ನೀರು ಮುಗಿಸಿದ ಹುಡುಗನ ಅಮ್ಮ ಹೇಗೆ ನೋಡಿರಬಹುದೆಂದು ನನಗೆ ಅಲ್ಲಿಯೇ ತಿಳಿಯಿತು. ಸುತ್ತ ಜನರಿದ್ದರು, ಹಾಗಾಗಿ ಏಟು ಬೀಳಲಿಲ್ಲ.

ಗಮನ ಬೇರೆಡೆಗೆ ಹರಿದರೆ ಬಿಕ್ಕಳಿಕೆ ನಿಲ್ಲುತ್ತದೆಂದು ಮಾವನನ್ನು ಪಕ್ಕದ ತೋಟಕ್ಕೆ ನಡೆಸಿದೆ. ಇದರ ಹೆಸರು ಇಶ್ರೀ ಬಾಗ್. ಇಲ್ಲಿನ ಚೆರ್‍ರಿ ಹಣ್ಣು ಮಾರಿದ ದುಡ್ಡಿನಲ್ಲಿ ಬಾವಿಯ ಖರ್ಚು ನಡೆಯಲಿ ಎಂದು ಮರ ನೆಡಿಸಿದ್ದರು. "ಉಂ...ಹಿಕ್...ಬಳಿ!" ಎಂದರು ಮಾವ. ಸರಿಯಾದ ಮಾತು, ನಮ್ಮ ಕಡೆ ಗುಡಿಗೆ ಉಂಬಳಿ ಬಿಟ್ಟಂತೆಯೇ. ಮೀನಿನ ಆಕಾರದ ಕೊಳವೊಂದನ್ನೂ ತೋಡಿಸಿದ್ದರೆಂದು ಹೇಳಿದ್ದೇ ತಪ್ಪಾಯಿತು. ಕೊಳ ಎಂಬ ಮಾತು ಕೇಳಿದ್ದೇ ತಡ, ಅವರು ಬೊಗಸೆ ಒಡ್ಡಿಕೊಂಡು ಓಡುವುದರಲ್ಲಿದ್ದರು.

ನಾಯಿಯನ್ನು ಅಡ್ಡಾಡಿಸುತ್ತಿದ್ದ ಅಜ್ಜಿಯೊಬ್ಬರು ಇದನ್ನೆಲ್ಲ ನೋಡಿ, ಒಂದೂ ಪ್ರಶ್ನೆ ಕೇಳದೆ ಮನೆಗೆ ಹೋಗಿ ದೊಡ್ಡ ಜಗ್ಗಿನ ತುಂಬ ನೀರು ತಂದರು. ಮಾವ ಎತ್ತಿ ಗಟಗಟ ಕುಡಿದು, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ, "ಗಡಸು ನೀರು! ನಮ್ಮ ಐದನೆಯ ಬೋರ್‌ವೆಲ್ಲಿನದೇ ರುಚಿ!" ಎಂದು ಹಿಗ್ಗಿದರು. ಹೆಂಡತಿ ಅದನ್ನು ಇಂಗ್ಲಿಷಿಗೆ ತಂದಾಗ ಅಜ್ಜಿಯೂ ಹಿಗ್ಗಿ, ತಮ್ಮ ಕೆಟಲ್ಲಿನ ತಳದಲ್ಲಿ ಕಟ್ಟುವ ಬಿಳಿ ಸುಣ್ಣದ ಬಗ್ಗೆ ದೂರು ಶುರು ಮಾಡಿದರು. ಮಾವ ಹುಣಸೆಹುಳಿ ಹಾಕಿ ತಿಕ್ಕಿ ಎಂದರು. ದುಭಾಷಿ ಸುಸ್ತಾಗುವವರೆಗೂ ಇಬ್ಬರೂ ನೀರಿನ ವಿಚಾರವನ್ನೇ ಮಾತಾಡಿದರು. 1964ರಲ್ಲಿ ಬಾವಿಗೆ ನೂರು ತುಂಬಿದಾಗ ರಾಣಿಯ ಗಂಡನೇ ಇಲ್ಲಿಗೆ ಬಂದಿದ್ದರು ಎಂದು ನಾನು ನಡುವೆ ಬಾಯಿ ಹಾಕಿದೆ. ಯಾರೂ ಕಿವಿಗೊಡಲಿಲ್ಲ.

ಹೊರಡುವಾಗ ಜಗ್ಗನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಹೆಂಡತಿ ಉಳಿದ ಚಿತ್ರಾನ್ನವನ್ನು ಡಬ್ಬಿಯ ಸಮೇತ ಅಜ್ಜಿಯ ಕೈಗಿಟ್ಟಳು. ಮೂರು ಮೈಲಿ ಬಂದ ಮೇಲೆ ನನಗೆ ನೆನಪಾಯಿತು: ಆ ಡಬ್ಬಿಯಲ್ಲಿ ಅಂಥವೇ ಇನ್ನೂ ನಾಲ್ಕು ಮೆಣಸಿನಕಾಯಿಗಳಿದ್ದವು. ಕಾರು ನಿಲ್ಲಿಸಿದೆ.

"ನಡೆಯಿರಿ ಅಳಿಯಂದಿರೇ," ಎಂದರು ಮಾವ, "ಅವರ ಮನೆಯಲ್ಲಿ ನೀರಿದೆ."