ಕ್ಲಚ್ ಪೆಡಲ್ಲೇ ಇಲ್ಲದ ಗಾಡಿಯ ಕ್ಲಚ್ ಸವೆಸಿದ್ದು ಯಾರು?

ಇವತ್ತು ಬೆಳಿಗ್ಗೆ ಪುಣೆಯ ಕಾರ್ ಸರ್ವಿಸ್ ಸೆಂಟರಿನಲ್ಲಿ ನನ್ನ ಕಣ್ಣೆದುರೇ ನಡೆದದ್ದು. ವಿಜಯಪುರದ ಕಡೆಯ ಗಂಡ-ಹೆಂಡತಿ ಪಕ್ಕದ ಟೇಬಲ್ಲಿಗೆ ಬಂದು ಕೂತರು. ಗಾಡಿ ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ನಡುಗುತ್ತದೆ ಅಂತ ಹಿಂದಿಯಲ್ಲಿ ಹೇಳಿ ಮುಗಿಸುವುದರೊಳಗೆ ಅಡ್ವೈಸರ್ ಕೇಳಿದ: “ಗಾಡಿ ಮೇಡಂ ಓಡಿಸ್ತಾರಾ?” ಗಂಡ ತಿರುಗಿ ಹೆಂಡತಿಯನ್ನು ನೋಡಿದ. ಆಕೆ ತಗ್ಗಿದ ದನಿಯಲ್ಲಿ, “ನೀವ್ ಹೊಡ್ಯಾಗ ನಡಗಿಲ್ಲೇನ್ರಿ?” ಅಂದರು.

ಆ ನೋಟ ನನಗೆ ಗೊತ್ತು. ಇದೇ ಟೇಬಲ್ಲಿನಲ್ಲಿ ಇದೇ ಪ್ರಶ್ನೆ ಕೇಳಿಸಿಕೊಂಡು ಎರಡು ತಿಂಗಳು ನಾನು ನನ್ನ ಹೆಂಡತಿಗೆ ಗಾಡಿ ಮುಟ್ಟಲು ಬಿಟ್ಟಿರಲಿಲ್ಲ. “ಬ್ರೇಕ್ ಮೇಲೆ ಅರ್ಧ ಕಾಲಿಡ್ತೀಯಲ್ಲ, ಅದಕ್ಕೇ” ಅಂತ ಅವಳಿಗೇ ಪಾಠ ಹೇಳಿದ್ದೆ. 2024ರ ದೀಪಾವಳಿಗೆ ಧಾರವಾಡಕ್ಕೆ ಹೊರಟಾಗ ಪುಣೆ-ಸಾತಾರಾ ನಡುವಿನ ಖಂಬಾಟ್ಕಿ ಘಾಟಿನ ಏರಿನಲ್ಲಿ ಗೇರ್‌ಬಾಕ್ಸಿನ ದೀಪ ಹತ್ತಿ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಹಿಂದೆ ಲಾರಿಗಳ ಹಾರ್ನ್, ಸುಟ್ಟ ವಾಸನೆ, ಹಿಂದಿನ ಸೀಟಿನಲ್ಲಿ ಅವ್ವ. ಸ್ಟಿಯರಿಂಗ್ ಹಿಡಿದಿದ್ದವನು ನಾನು. ಆ ದಿನ ಹೆಂಡತಿ ಒಂದು ಮಾತೂ ಆಡಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮದು ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್. ಕ್ಲಚ್ ಅಂದರೆ ಎಂಜಿನ್ನನ್ನು ಗೇರಿಗೆ ಜೋಡಿಸುವ, ಬಿಡಿಸುವ ಭಾಗ. ಒಳಗೆ ಅಂಥವು ಎರಡು: ಒಂದು 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ನಮ್ಮದರಲ್ಲಿ ಅವು ಒಣ ಕ್ಲಚ್, ತಂಪು ಮಾಡಲು ಎಣ್ಣೆಯಿಲ್ಲ. ವಾಕಡ್‌ನಿಂದ ಹಿಂಜವಡಿಗೆ ಪುಣೆಯ ಟ್ರಾಫಿಕ್ಕಿನಲ್ಲಿ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ಆಮೇಲೆ ನಡುಕ. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎನ್ನುವುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ನನ್ನ ಕಾಲ ಕೆಳಗೆ ಕ್ಲಚ್ ಪೆಡಲ್ಲೇ ಇಲ್ಲ! ಆದರೂ ಬಿಲ್ ಮಾಡುವಾಗ “ಕ್ಲಚ್ ಸವೆಯುವ ಪಾರ್ಟು, ವಾರಂಟಿಯಲ್ಲಿ ಬರಲ್ಲ, ನಿಮ್ಮ ಡ್ರೈವಿಂಗ್ ಸ್ಟೈಲ್” ಅನ್ನುತ್ತಾರೆ. ನಾನು ಮುಟ್ಟಲಾಗದ್ದನ್ನು ನಾನು ಹೇಗೆ ಸವೆಸಿದೆ? ಆರು ಸಲ ಕೇಳಿದ್ದೇನೆ, ಆರು ಸಲವೂ ಅವರು ಮುಖ ಬೇರೆ ಕಡೆ ತಿರುಗಿಸಿದರು.

ಪುಣೆಯ ಟ್ರಾಫಿಕ್ಕೇ ಹಾಗಿದೆ, ಗಾಡಿ ಏನು ಮಾಡೀತು ಅಂತ ಗೆಳೆಯರೊಬ್ಬರು ಅಂದರು. ಟ್ರಾಫಿಕ್ ಇದೆ ಅಂತಲೇ ಅಲ್ಲವೇ ನಾವು ಒಂದು ಲಕ್ಷ ಹೆಚ್ಚು ಕೊಟ್ಟು ಆಟೋಮ್ಯಾಟಿಕ್ ಕೊಂಡದ್ದು? ಶೋರೂಮಿನಲ್ಲಿ “ಸರ್, ಟ್ರಾಫಿಕ್ಕಲ್ಲಿ ಆರಾಮ” ಅಂತ ಹೇಳಿಯೇ ಮಾರಿದರು. ಗಾಡಿಗಳನ್ನು ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆ ಇದೇ ಊರಿನ ಕೋಥ್ರೂಡ್ ಗುಡ್ಡದ ಮೇಲಿದೆ. ಪುಣೆಯ ರಸ್ತೆ ಹೇಗಿದೆ ಅಂತ ಗಾಡಿ ಮಾಡುವವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಜಾಬ್ ಕಾರ್ಡ್, ಅಂದರೆ ನಮ್ಮ ದೂರನ್ನು ಅವರು ಬರೆದುಕೊಂಡು ಸಹಿ ಹಾಕಿಸಿಕೊಳ್ಳುವ ಕಾಗದ, ನೋಡಿದಾಗ. ನಾನು ಹೇಳಿದ್ದು “ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿದ ಮೇಲೆ ಎರಡನೇ ಗೇರಿಗೆ ಹೋಗುವಾಗ ನಡುಗುತ್ತದೆ”. ಅವರು ಬರೆದದ್ದು “ಜನರಲ್ ಚೆಕಪ್”. ಬೆಳಿಗ್ಗೆ ತಣ್ಣಗಿನ ಗಾಡಿಯನ್ನು ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು “ತೊಂದರೆ ಕಂಡುಬಂದಿಲ್ಲ” ಅಂತ ಸೀಲು. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟರೆ ಅಲ್ಲಿ ಮೊದಲು ಕೇಳುವುದೇ ಕಾಗದ. ನಾವು ಬಾಯಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆಯಿಲ್ಲ.

ನಾನು ಎದ್ದು ಹೋಗಿ ಆ ಹೆಣ್ಣುಮಗಳಿಗೆ, “ಅಕ್ಕಾರ, ಈಗಿಂದೀಗ ಸಹಿ ಮಾಡಬ್ಯಾಡ್ರಿ. ನೀವು ಹೇಳಿದ್ದು ಹೇಳಿದಂಗ ಬರೀಲಿ” ಅಂದೆ. ಅವರು ಪೆನ್ನು ಕೆಳಗಿಟ್ಟರು. ಅಡ್ವೈಸರ್ ನನ್ನನ್ನು ಒಮ್ಮೆ ನೋಡಿದ, ಮ್ಯಾನೇಜರ್ ಬಂದ, ಇಪ್ಪತ್ತು ನಿಮಿಷ ವಾದವಾಯಿತು. ಕೊನೆಗೆ ಕಾರ್ಡು ಹೊಸದಾಗಿ ಪ್ರಿಂಟಾಯಿತು: ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಕ, ಗಾಡಿ ಬಿಸಿಯಾದ ಮೇಲೆ. ಆಕೆ ಓದಿದರು, ಗಂಡನಿಗೆ ಓದಿಸಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು, ಆಮೇಲೆ ಸಹಿ ಹಾಕಿದರು.

ನನ್ನ ಹತ್ತಿರ ಆರು ಜಾಬ್ ಕಾರ್ಡ್ ಇವೆ. ಒಂದರಲ್ಲೂ ಖಂಬಾಟ್ಕಿಯ ಹೆಸರಿಲ್ಲ.