ಎರಡು ಲಕ್ಷದ ತೀರ್ಥ

ನಲ್ಲಿ ನೀರನ್ನು ಆರೋಗ್ಯದ ನೀರಾಗಿಸುತ್ತದೆಂದು ಎರಡು ಲಕ್ಷಕ್ಕೆ ಮಾರುವ ಯಂತ್ರದ ವಿಷಯ ನಿಮಗೆ ಗೊತ್ತೇ ಇದೆ. ನಿಮ್ಮ ಭಾವನೋ ಷಡ್ಡಕನೋ ಈಗಾಗಲೇ ಒಂದನ್ನು ಅಡುಗೆಮನೆಯ ಗೋಡೆಗೆ ನೇತುಹಾಕಿ, ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್ ಬರುತ್ತದೆಂದು ನಿಮಗೂ ಫೋನ್ ಮಾಡಿರುತ್ತಾರೆ. ಮೊನ್ನೆ ಶಿವಮೊಗ್ಗದ ನಮ್ಮ ಬಡಾವಣೆಯಲ್ಲೂ ಅದರ ಪ್ರದರ್ಶನವಾಯಿತು. ಕೋಟು ತೊಟ್ಟ ಯುವಕನೊಬ್ಬ ಎರಡು ಲೋಟಗಳಿಗೆ ಎರಡು ಹನಿ ಬಣ್ಣ ಬಿಟ್ಟ. ನಲ್ಲಿ ನೀರು ಹಸಿರಾಯಿತು, ಯಂತ್ರದ ನೀರು ನೇರಳೆಯಾಯಿತು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು ಕೈಮುಗಿದೇಬಿಟ್ಟರು.

"ಸಾರ್, ನಮ್ಮ ಯಂತ್ರ ನೀರಿನ ಹೈಡ್ರೋಜನ್ ಬಂಧಗಳನ್ನು ಸಾಲಾಗಿ ಜೋಡಿಸುತ್ತದೆ. ಹನ್ನೆರಡು ಗಂಟೆ ಹಾಗೇ ಇರುತ್ತವೆ."

ಧನ್ಯರಾದೆವು. ನೀರಿನಲ್ಲಿ ಅಂಥದೊಂದು ಬಂಧದ ಆಯುಸ್ಸು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನ ಆಸುಪಾಸು. ನೀರಿನ ಅಣುವಿನೊಳಗೆ ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬಡವಾದ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕಕ್ಕೆ ಒರಗಿ ನಿಲ್ಲುತ್ತದೆ, ಅದೇ ಈ ಬಂಧ; ಮರುಕ್ಷಣ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ನಮ್ಮ ಕಡೆಯ ಮುಯ್ಯಾಳಿನ ಲೆಕ್ಕ: ಇವತ್ತು ನಿಮ್ಮ ಗದ್ದೆಗೆ, ನಾಳೆ ಅವರ ಗದ್ದೆಗೆ. ಯಾರೂ ಕಾಯಂ ಅಲ್ಲ, ಆದರೂ ನಾಟಿ ನಿಲ್ಲುವುದಿಲ್ಲ. ಇದನ್ನು ಹನ್ನೆರಡು ಗಂಟೆ ಸಾಲಾಗಿ ನಿಲ್ಲಿಸುವ ಯಂತ್ರ ಒಂದಿದೆ, ಅದರ ಹೆಸರು ಫ್ರೀಜರ್.

ನಿಜಕ್ಕೂ ಪ್ರದರ್ಶನಕ್ಕೆ ಇಡಬೇಕಾದದ್ದು ನಮ್ಮ ಬಚ್ಚಲ ಹಂಡೆ. ಬೆಳಗಿನ ಜಾವ ಅಜ್ಜಿ ಅದಕ್ಕೆ ಅಡಿಕೆ ಹಾಳೆ, ತೆಂಗಿನ ಸೋಗೆ ಒಟ್ಟಿ ಬೆಂಕಿ ಹಾಕುತ್ತಿದ್ದಳು. ನೀರು ಕಾಯುವುದಕ್ಕೆ ಯುಗ ಹಿಡಿಯುತ್ತಿತ್ತು, ನಾವು ಚಡ್ಡಿಯಲ್ಲಿ ನಡುಗುತ್ತ ನಿಂತಿರುತ್ತಿದ್ದೆವು. ಒಮ್ಮೆ ಕಾದರೆ ಹತ್ತು ಗಂಟೆಗೆ ಬಂದ ನೆಂಟರಿಗೂ ಬಿಸಿನೀರು. ಕೊಟ್ಟ ಶಾಖದಲ್ಲಿ ದೊಡ್ಡದೊಂದು ಪಾಲು ಆ ಬಂಧಗಳನ್ನು ಸಡಿಲಿಸುವುದಕ್ಕೇ ಹೋಗುತ್ತದೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಅವಳು ಕಮಿಷನ್ನನ್ನೂ ಕೇಳಲಿಲ್ಲ. ಇನ್ನು ತೋಟದ ಅಡಿಕೆ ಮರವಂತೂ ಐವತ್ತು ಅಡಿ ಮೇಲಿನ ಸುಳಿಗೆ ಪಂಪಿಲ್ಲದೆ ನೀರೇರಿಸುತ್ತದೆ: ಎಲೆಯಿಂದ ಆವಿ ಹೋದ ಹಾಗೆ ಅಣು ಅಣುವನ್ನು ಎಳೆದು ಸರಪಳಿಯೇ ಮೇಲಕ್ಕೆ ಬರುತ್ತದೆ. ಕರೆಂಟು ಹೋದರೂ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಈ ಬಂಧವಿಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಸಾಕ್ಷಿ ಹೈಡ್ರೋಜನ್ ಸಲ್ಫೈಡ್. ಅದರ ಅಣು ನೀರಿನ ಅಣುವಿಗಿಂತ ಸುಮಾರು ಎರಡು ಪಟ್ಟು ಭಾರ. ಆದರೂ ಮೈನಸ್ 60 ಡಿಗ್ರಿಯಲ್ಲೇ ಕುದಿದು ಅನಿಲವಾಗುತ್ತದೆ. ನೀರು 100ರ ತನಕ ತಾಳುತ್ತದೆ. ಆ ಅನಿಲದ ಪರಿಚಯಕ್ಕೆ ಪ್ರಯೋಗಶಾಲೆ ಬೇಡ. ಬೇಸಿಗೆಯ ಸಂಜೆ ನಗರದ ರಾಜಕಾಲುವೆ ತುಂಗೆಗೆ ಸೇರುವ ಕಡೆ ಮೂಗು ಬಿಟ್ಟುಕೊಂಡು ನಿಂತರೆ ಸಾಕು. ಕೊಳೆತ ಮೊಟ್ಟೆಯ ವಾಸನೆ.

"ಗಂಗಾ ಸ್ನಾನ, ತುಂಗಾ ಪಾನ" ಎಂದು ಗಾದೆ ಕಟ್ಟಿದ ಊರಿನವರು ನಾವು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇದೇ ಜಿಲ್ಲೆಯಲ್ಲಿದೆ. ಮಳೆಗಾಲದಲ್ಲಿ ತುಂಗೆಯ ಮಂಟಪ ಮುಳುಗಿತೆಂದು ಸೆಲ್ಫಿ ತೆಗೆಯಲು ಹೊಳೆಗೆ ಓಡುತ್ತೇವೆ, ಉಳಿದ ದಿನ ಅದೇ ಹೊಳೆಗೆ ಕಕ್ಕಸಿನ ನೀರು ಬಿಡುತ್ತೇವೆ. ಉಪ್ಪನ್ನೂ ಸಕ್ಕರೆಯನ್ನೂ ಕರಗಿಸಿ ಜೀವ ಉಳಿಸುವ ಅದೇ ಗುಣದಿಂದ ನೀರು ನಮ್ಮ ಹೊಲಸನ್ನೂ ಕರಗಿಸಿಕೊಂಡು ಹೋಗುತ್ತದೆ. ಬೇಡವೆನ್ನುವುದು ಅದಕ್ಕೆ ಗೊತ್ತಿಲ್ಲ. ಯಂತ್ರದ ಸಭೆಗೆ ನೂರಿಪ್ಪತ್ತು ಜನ ಬಂದಿದ್ದರು. ಕೊಳಚೆಯ ಬಗ್ಗೆ ಕರೆದ ಸಭೆಗೆ ಒಂಬತ್ತು ಜನ, ಅದರಲ್ಲಿ ಇಬ್ಬರು ಕುರ್ಚಿ ಬಾಡಿಗೆಗೆ ಕೊಟ್ಟವರು. ಬರೆದೂ ಬರೆದೂ ಸಾಕಾಗಿದೆ.

ಮೊದಲ ಮಳೆಗೆ ನಲ್ಲಿಯಲ್ಲಿ ಕೆಂಪು ನೀರು ಬಂತು. ಮೇಷ್ಟರ ಯಂತ್ರ ಎರಡೇ ದಿನಕ್ಕೆ ಕಟ್ಟಿಕೊಂಡಿತು. ಫೋನ್ ಮಾಡಿದರೆ, ಕೆಸರಿಗೆ ವಾರಂಟಿ ಇಲ್ಲವಂತೆ. ಈಗ ದಿನಾ ಬೆಳಿಗ್ಗೆ ಕೊಡಪಾನ ಹಿಡಿದು ನಮ್ಮ ಬಾವಿಗೆ ಬರುತ್ತಾರೆ.

"ಇದರ ಬಂಧ ಹೇಗಿದೆ ಮೇಷ್ಟರೇ?" ಎಂದೆ.

"ಮೊದಲು ಹಗ್ಗ ಕೊಡಿ" ಎಂದರು.