ಖಾಸಗಿ ನೌಕರರ ಪಿಂಚಣಿ: ಸರ್ಕಾರ, ಮಾಲೀಕರು, ನೌಕರರ ತ್ರಿಪಕ್ಷೀಯ ಮಾತುಕತೆಯಲ್ಲೇ ತೀರ್ಮಾನವಾಗಬೇಕೇ?

ಪರ: ಹಣ ಕಟ್ಟುವವರ ಮಾತಿಗೆ ಬೆಲೆಯಿರಲಿ

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಗೆ ನೌಕರನ ಸಂಬಳದಿಂದ ನೇರ ಕಡಿತವಿಲ್ಲ. ಭವಿಷ್ಯನಿಧಿಗೆಂದು ಮಾಲೀಕರು ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ. ವಂತಿಗೆಯ ಲೆಕ್ಕಕ್ಕೆ 2014ರಲ್ಲಿ ನಿಗದಿಯಾದ 15,000 ರೂಪಾಯಿ ಗರಿಷ್ಠ ವೇತನ ಮಿತಿಯಲ್ಲಿ ಮಾಲೀಕರ ಈ ಪಾಲು ತಿಂಗಳಿಗೆ 1,250 ರೂಪಾಯಿ.

ಮಿತಿ 25,000ಕ್ಕೆ ಏರಿತೆಂದು ಇಟ್ಟುಕೊಳ್ಳೋಣ. ಪೂರ್ಣ ಮೂಲವೇತನದ ಮೇಲೆ ವಂತಿಗೆ ಕಟ್ಟುತ್ತಿರುವ ಕಂಪನಿಗೆ ಹೇಳಿಕೊಳ್ಳುವಂಥ ಹೊರೆ ಬೀಳದು. ಆದರೆ ಅಲ್ಲಿನ ನೌಕರನ ಭವಿಷ್ಯನಿಧಿಗೆ ಸೇರಬೇಕಿದ್ದ ಇನ್ನೂ 833 ರೂಪಾಯಿ ಪಿಂಚಣಿ ನಿಧಿಗೆ ಸರಿಯುತ್ತದೆ. ಮಿತಿಯಷ್ಟಕ್ಕೇ ಕಟ್ಟುವ ಮಾಲೀಕರ ಒಟ್ಟು ಶೇ 12ರ ಪಾಲಾದರೋ, 25,000 ದಾಟಿದ ಮೂಲವೇತನದ ಪ್ರತಿ ನೌಕರನಿಗೂ 1,800ರಿಂದ 3,000ಕ್ಕೆ ಏರುತ್ತದೆ, ಭವಿಷ್ಯನಿಧಿಗೆ ನೌಕರನೂ ಅಷ್ಟೇ ಕಟ್ಟಬೇಕಾದ್ದರಿಂದ ಅವನ ಕೈಸೇರುವ ಸಂಬಳವೂ 1,200 ರೂಪಾಯಿ ಕುಗ್ಗುತ್ತದೆ. ಒಂದೇ ಅಧಿಸೂಚನೆ ಇಷ್ಟು ಬಗೆಯಲ್ಲಿ ಲಾಭನಷ್ಟ ಹಂಚುವಾಗ, ಯಾರು ಎಷ್ಟು ಹೊರಬೇಕು, ಎಷ್ಟು ಕಂತುಗಳಲ್ಲಿ ಹೊರಬೇಕು ಎಂಬುದನ್ನು ಕಾರ್ಮಿಕ ಸಂಘಟನೆಗಳೂ ಮಾಲೀಕರೂ ಎದುರುಬದುರು ಕುಳಿತು ಚೌಕಾಸಿ ಮಾಡುವುದೇ ನ್ಯಾಯ.

ವಿರೋಧ: ಪಿಂಚಣಿದಾರನಿಗೆ ಅಲ್ಲಿ ಕುರ್ಚಿಯೇ ಇಲ್ಲ

ಚೌಕಾಸಿ ನ್ಯಾಯವೆನಿಸಬೇಕಾದರೆ ಬಾಧಿತರೆಲ್ಲರೂ ಅಲ್ಲಿರಬೇಕು. ಈ ಮಾತುಕತೆ ನಡೆಯುವ, ಕೇಂದ್ರ ಕಾರ್ಮಿಕ ಸಚಿವರ ಅಧ್ಯಕ್ಷತೆಯ ಭವಿಷ್ಯನಿಧಿ ಕೇಂದ್ರ ಧರ್ಮದರ್ಶಿ ಮಂಡಳಿಯಲ್ಲಿ ಮಾಲೀಕರ ಪ್ರತಿನಿಧಿಗಳು ಹತ್ತು, ನೌಕರರ ಪ್ರತಿನಿಧಿಗಳು ಹತ್ತು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕಡೆಯವರೇ ಇಪ್ಪತ್ತು. ಕೆಲಸ ಬಿಟ್ಟು ಮನೆ ಸೇರಿದವರಿಗೆ ಪ್ರತ್ಯೇಕ ಸ್ಥಾನವಿಲ್ಲ. ಕಾರ್ಮಿಕ ನಾಯಕರು ಅವರ ಪರವಾಗಿಯೂ ಮಾತನಾಡುತ್ತಾರೆ, ನಿಜ. ಆದರೆ ಚಂದಾ ಕೊಡುವ ಸದಸ್ಯರ ಈ ತಿಂಗಳ ಸಂಬಳದ ಪ್ರಶ್ನೆ ಎದ್ದಾಗ ಹಳಬರ ಬೇಡಿಕೆ ಹಿಂದೆ ಸರಿಯುವುದು ಸಹಜ.

ಅದಕ್ಕಿಂತ ಮುಖ್ಯವಾಗಿ, ಕನಿಷ್ಠ ಪಿಂಚಣಿಯನ್ನು ತುಂಬಿಕೊಡುವ ಹೆಚ್ಚುವರಿ ಹಣ ಬರುವುದು ಕೇಂದ್ರದ ಬಜೆಟ್‌ನಿಂದ. ಅದನ್ನು ಏರಿಸಲು ಮಾಲೀಕರ ಸಮ್ಮತಿಗೆ ಕಾಯುವ ಅಗತ್ಯವೇನು? 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 1,000 ರೂಪಾಯಿ ಹತ್ತು ವರ್ಷವಾದರೂ ಕದಲಲಿಲ್ಲ. ಮಾತುಕತೆ ನಡೆಯುತ್ತಿದೆ ಎಂಬ ಉತ್ತರ, ಸರ್ಕಾರಕ್ಕೆ ನಿರ್ಧಾರವನ್ನು ಮುಂದೂಡುವ ಸುಲಭ ದಾರಿಯಾಯಿತು.

ಇನ್ನು ಸೂತ್ರವನ್ನೇ ನೋಡಿ. ಪಿಂಚಣಿಗೆ ಅರ್ಹ ವೇತನವನ್ನು ಸೇವಾವಧಿಯಿಂದ ಗುಣಿಸಿ 70ರಿಂದ ಭಾಗಿಸುವ ಲೆಕ್ಕದಲ್ಲಿ, 15,000ದ ಮಿತಿಗೆ 35 ವರ್ಷ ದುಡಿದವನಿಗೂ ದೊರೆಯುವುದು 7,500 ರೂಪಾಯಿ. ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. ಮಂಡಳಿಯ ಸಭೆಗಳು ಒಂದಾದ ಮೇಲೊಂದು ಮುಂದಕ್ಕೆ ಹೋದಂತೆ ಆ ಮೊತ್ತದ ಕೊಳ್ಳುವ ಶಕ್ತಿ ಕರಗುತ್ತಲೇ ಇರುತ್ತದೆ.